ಸುರಂಗ ಬಿಟ್ಟು ಘಾಟಿ, ಹೈವೇ ಬಿಟ್ಟು ಕಡಲಂಚು: ಆಲ್ಪ್ಸ್‌ನಿಂದ ಆಡ್ರಿಯಾಟಿಕ್‌ವರೆಗೆ ಕಾರಿನಲ್ಲಿ

ಈ ವಿಡಿಯೊದಲ್ಲಿ ನೀವು ನೋಡುತ್ತಿರುವ ಆಲ್ಪ್ಸ್ ಬೆಟ್ಟದ ಈ ರಸ್ತೆಗೆ ಯಾರೂ ಬರಲೇಬೇಕು ಅಂತೇನಿಲ್ಲ. ಬೆಟ್ಟದ ಆಚೆ ಬದಿಗೆ ಹೋಗುವುದಷ್ಟೇ ಕೆಲಸ ಅಂದರೆ ಪಶ್ಚಿಮಕ್ಕೆ ಫೆಲ್ಬರ್‌ಟೌರ್ನ್ ಸುರಂಗ ಇದೆ, 1967ರಿಂದಲೂ ಇದೆ. ಆದರೂ ಜನ ಕಾರಿಗೆ 40 ಯೂರೋಗಿಂತ ಜಾಸ್ತಿ ಟೋಲ್ ಕೊಟ್ಟು ಇಲ್ಲಿಗೇ ಬರುತ್ತಾರೆ. ನಾವೂ ಬಂದೆವು.

ಇದು ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ. ಉದ್ದ 48 ಕಿಲೋಮೀಟರ್, ಹೇರ್‌ಪಿನ್ ತಿರುವು 36. ಆಗುಂಬೆಯ 14 ತಿರುವುಗಳಿಗೇ ಹೊಟ್ಟೆ ತೊಳೆಸುವವರು ಮುಂದಿನ ಸೀಟಿನಲ್ಲಿ ಕೂತರೆ ಒಳ್ಳೆಯದು. ಎಂಜಿನಿಯರ್ ಫ್ರಾಂಜ್ ವಾಲಾಕ್ ರೂಪಿಸಿದ ಈ ದಾರಿ 1935ರಲ್ಲಿ ಶುರುವಾಯಿತು. ಮೊದಲಿನಿಂದಲೂ ಇದು ನೋಡುವವರಿಗಾಗಿ ಮಾಡಿದ ರಸ್ತೆ. ಹಾಗಾಗಿ ಅಲ್ಲಲ್ಲಿ ಕಾರು ನಿಲ್ಲಿಸೋಕೆ ಜಾಗ ಧಾರಾಳ. ಸುಮಾರು ಮೇ ತಿಂಗಳಿಂದ ನವೆಂಬರ್ ಶುರುವಿನವರೆಗೆ ಮಾತ್ರ ತೆರೆದಿರುತ್ತದೆ, ರಾತ್ರಿ ಹೊತ್ತು ಬಂದ್.

ಈ ರಸ್ತೆಯಲ್ಲೇ ಸಿಗುವ ಈ ಸುರಂಗದ ಬಾಯಿ ಇದೆಯಲ್ಲ, ಇದು ಹೋಖ್‌ಟೋರ್, 2504 ಮೀಟರ್ ಎತ್ತರ. ರಸ್ತೆ ಕೆಲಸದ ವೇಳೆ ಇಲ್ಲಿ ರೋಮನ್ ಕಾಲದ ಹರ್ಕ್ಯುಲಿಸ್‌ನ ಪುಟ್ಟ ಕಂಚಿನ ಮೂರ್ತಿ ಸಿಕ್ಕಿತು. ಕಾರು ಬರುವ ಎಷ್ಟೋ ಶತಮಾನ ಮೊದಲೇ ಜನ ಕಾಲ್ನಡಿಗೆಯಲ್ಲಿ ಈ ಬೆಟ್ಟ ದಾಟುತ್ತಿದ್ದರು ಅಂತಾಯ್ತು.

ಈಗ ಈ ಕಣಿವೆ ನೋಡಿ. ಕೆಳಗೆ ಬೂದು ಬಣ್ಣಕ್ಕಿರುವುದು ಪಾಸ್ಟರ್ಸ್, ಆಸ್ಟ್ರಿಯಾದ ಅತಿ ದೊಡ್ಡ ಹಿಮನದಿ. 1963ರಲ್ಲಿ ಈ ಕಟ್ಟೆಯಿಂದ ಮಂಜಿನ ಹತ್ತಿರಕ್ಕೆ ಇಳಿಸಲು ಒಂದು ಪುಟ್ಟ ಹಳಿಗಾಡಿ ಹಾಕಿದ್ದರು. ಆಮೇಲೆ ಮಂಜು ಕರಗುತ್ತಾ ಕೆಳಗೆ ಇಳಿದುಹೋಯಿತು, ಹಳಿ ಮಾತ್ರ ಮೇಲೆಯೇ ಉಳಿಯಿತು. ಫೋಟೋ ತೆಗೆಸಿಕೊಳ್ಳುವವರ ಗದ್ದಲದಲ್ಲಿ ಇದನ್ನು ಗಮನಿಸುವವರು ಕಡಿಮೆ. ನನಗಂತೂ ಇಡೀ ರಸ್ತೆಯಲ್ಲಿ ಮನಸ್ಸಿಗೆ ನಾಟಿದ್ದು ಇದೇ.

ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ, ಸಣ್ಣ ಗೇರ್‌ನಲ್ಲಿ ಬನ್ನಿ. ಸುಟ್ಟ ವಾಸನೆ ಬಂತು ಅಂದರೆ ನಿಲ್ಲಿಸಿ ತಣ್ಣಗಾಗಲು ಬಿಡಿ.

ಫಿಲಾಖ್ ಊರು ದಾಟಿ ವುರ್ಜನ್ ಪಾಸ್ ಹತ್ತಿದರೆ ಸ್ಲೊವೇನಿಯಾ. ಕ್ರಾನ್ಸ್ಕಾ ಗೋರಾದಿಂದ ವರ್ಶಿಚ್ ಘಾಟಿ ಶುರು. ಎತ್ತರ ಬರೀ 1611 ಮೀಟರ್, ಆದರೆ ತಿರುವು 50. ಹತ್ತಲು 24, ಇಳಿಯಲು 26. ಪ್ರತಿ ತಿರುವಿಗೂ ನಂಬರ್ ಹಾಕಿದ್ದಾರೆ. ಹತ್ತುವ ಕಡೆ ತಿರುವುಗಳಿಗೆ ಡಾಂಬರಿಲ್ಲ, ಕಲ್ಲು ಹಾಸು. ಮಳೆ ಬಂದರೆ ಜಾರುತ್ತದೆ.

ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸಾಮಾನು ಸಾಗಿಸಲು ರಷ್ಯಾದ ಯುದ್ಧಕೈದಿಗಳ ಕೈಯಲ್ಲಿ ಮಾಡಿಸಿದ ರಸ್ತೆ ಇದು. 1916ರ ಮಾರ್ಚ್‌ನಲ್ಲಿ ಹಿಮಕುಸಿತವಾಗಿ ನೂರಕ್ಕೂ ಹೆಚ್ಚು ಜನ ಅದರಡಿ ಸತ್ತರು. ಉಳಿದ ಕೈದಿಗಳು ಅವರ ನೆನಪಿಗೆ ಕಟ್ಟಿದ್ದೇ ಈ ಮರದ ಪ್ರಾರ್ಥನಾ ಮಂದಿರ. ಎಂಟನೇ ತಿರುವಿನಲ್ಲಿ ಸಿಗುತ್ತದೆ. ಇಲ್ಲಿ ನಾನು ಮಾತು ನಿಲ್ಲಿಸಿ ಬರೀ ದೃಶ್ಯ ಹಾಕಿದ್ದೇನೆ, ಒಂದು ಕ್ಷಣ ನೋಡಿ.

ಕೆಳಗಿಳಿದರೆ ಸೋಚಾ ನದಿ. ನೀರಿನ ಈ ಹಸಿರು ನಾನು ಎಡಿಟ್‌ನಲ್ಲಿ ಹಚ್ಚಿದ್ದಲ್ಲ, ಇರೋದೇ ಹೀಗೆ.

ಆಮೇಲೆ ಇಟಲಿಯ ತ್ರಿಯೆಸ್ತೆ ಮುಟ್ಟಿ ಕ್ರೊಯೇಷಿಯಾ. ರಿಯೆಕಾದಿಂದ ದಕ್ಷಿಣಕ್ಕೆ ಕಡಲಂಚಿನ ರಸ್ತೆ, ಯಾದ್ರಾನ್ಸ್ಕಾ ಮಾಗಿಸ್ತ್ರಾಲಾ. ಎ1 ಹೈವೇ ಬೆಟ್ಟದ ಆಚೆ ಕಡೆ ಇದೆ, ಅವಸರದವರು ಅಲ್ಲಿ ಹೋಗುತ್ತಾರೆ. ಈ ರಸ್ತೆಯನ್ನು ಉತ್ತರದಿಂದ ದಕ್ಷಿಣಕ್ಕೇ ಓಡಿಸಿ. ಯಾಕೆ ಗೊತ್ತಾ? ಅಲ್ಲಿ ಗಾಡಿ ಓಡುವುದು ಬಲಗಡೆ, ಕಡಲೂ ನಿಮ್ಮ ಬಲಕ್ಕೇ. ಮನಸ್ಸಾದಲ್ಲಿ ಪಕ್ಕಕ್ಕೆ ಎಳೆದು ನಿಲ್ಲಿಸಬಹುದು. ಎದುರು ಗಾಡಿಗಳನ್ನು ಅಡ್ಡ ಹಾಯುವ ಪಾಡಿಲ್ಲ.

ಸೆನ್ಯ್‌ನಿಂದ ಕಾರ್ಲೊಬಾಗ್‌ವರೆಗಿನ ತುಂಡು ನನ್ನ ಪ್ರಕಾರ ಅತಿ ಚಂದ. ಎಡಕ್ಕೆ ವೆಲೆಬಿತ್ ಬೆಟ್ಟ, ಬಲಕ್ಕೆ ಒಂದರ ಹಿಂದೊಂದು ದ್ವೀಪ. ದೂರದಲ್ಲಿರುವ ಆ ಬೋಳು ದ್ವೀಪ ಪಾಗ್. ಬೆಟ್ಟದಿಂದ ಇಳಿಯುವ ಬೂರಾ ಎಂಬ ಚಳಿಗಾಳಿ ಕಡಲಿನ ಉಪ್ಪನ್ನು ಅದರ ಮೇಲೆ ಎರಚುತ್ತದೆ, ಈ ಬದಿಯಲ್ಲಿ ಗಿಡವೇ ಏಳುವುದಿಲ್ಲ. ಗಾಳಿ ಜೋರಾದ ದಿನ ರಸ್ತೆಯನ್ನೇ ಮುಚ್ಚುತ್ತಾರೆ. ಬೆಳಿಗ್ಗೆ ಹೊರಡುವ ಮುಂಚೆ ಹವಾಮಾನ ನೋಡಿಕೊಳ್ಳಿ.

ಕಾಮೆಂಟ್‌ನಲ್ಲಿ ಹೇಗೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ನಮ್ಮ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಬಾಡಿಗೆ ಕಾರು ಗಡಿ ದಾಟಬಹುದಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಆಸ್ಟ್ರಿಯಾ, ಸ್ಲೊವೇನಿಯಾ ಹೈವೇ ಹತ್ತಿದರೆ ವಿನ್ಯೆಟ್, ಅಂದರೆ ಹೈವೇ ಟೋಲ್ ಚೀಟಿ, ಬೇಕೇ ಬೇಕು.

ಇನ್ನು ವೀಸಾ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ದೇಶಗಳ ಗುಂಪಿನ ಒಳಗಿದೆ, ಹಾಗಾಗಿ ಒಂದೇ ವೀಸಾ ಸಾಕು. ಆದರೆ ಡುಬ್ರೊವ್ನಿಕ್‌ಗೆ ಮುಂಚೆ ನೇಉಮ್ ಅಂತ ಬೋಸ್ನಿಯಾದ ಒಂದು ಸಣ್ಣ ಕಡಲಂಚು ಅಡ್ಡ ಬರುತ್ತದೆ. ಅದು ಷೆಂಗೆನ್ ಅಲ್ಲ. ಸಿಂಗಲ್ ಎಂಟ್ರಿ ವೀಸಾ ಇಟ್ಟುಕೊಂಡು ಅತ್ತ ಕಾಲಿಟ್ಟರೆ ವಾಪಸ್ ಬರೋದು ಕಷ್ಟ. ಈಗ ತೋರಿಸುತ್ತಿರುವ ಪೆಲ್ಯೆಶಾತ್ಸ್ ಸೇತುವೆ 2022ರಲ್ಲಿ ಆಗಿದ್ದೇ ಆ ತುಂಡನ್ನು ತಪ್ಪಿಸಿ ಹೋಗುವುದಕ್ಕೆ. ಮ್ಯಾಪ್ ಏನೇ ಹೇಳಲಿ, ನೀವು ಸೇತುವೆ ಕಡೆಗೇ ತಿರುಗಿ.

ಮುಂದಿನ ವಿಡಿಯೊ ಡುಬ್ರೊವ್ನಿಕ್‌ದು. ಕೋಟೆಯೊಳಗೆ ಕಾರು ಬಿಡುವುದಿಲ್ಲ, ಬರೀ ನಡಿಗೆ. ಶೂ ಕಟ್ಟಿಕೊಂಡು ಬನ್ನಿ.