ರಾತ್ರಿ ಅಲ್ಲಿ ಯಾರಿರುತ್ತಾರೆ?

ಕೇಳುಗರಿಗೆ ನಮಸ್ಕಾರ.

ದೀಪಾವಳಿಗೆ ಊರಿಗೆ ಹೊರಡಬೇಕು, ಟಿಕೆಟ್ಟೂ ಆಗಿದೆ, ಆದರೆ ನಾಯಿಯನ್ನು ಎಲ್ಲಿ ಬಿಡುವುದು ಎಂಬ ಚಿಂತೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಸಾಮಾನ್ಯವಾಗಿದೆ. ಪಕ್ಕದ ಮನೆಯವರು ಎರಡು ಹೊತ್ತು ಅನ್ನ ಹಾಕಿ ನೋಡಿಕೊಳ್ಳುವ ಅನುಕೂಲ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಾಯಿಗೆ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ದುಡ್ಡು ಕೊಟ್ಟು ಬಿಡುವ ಬೋರ್ಡಿಂಗನ್ನು ಹುಡುಕುತ್ತೇವೆ. ಹುಲ್ಲುಹಾಸಿನ ಮೇಲೆ ನಾಯಿಗಳು ಚೆಂಡಾಡುವ ಚಿತ್ರಗಳನ್ನು ಮೊಬೈಲಿನಲ್ಲಿ ಕಂಡು ಮರುಳಾಗುತ್ತೇವೆ. ಆ ಚಿತ್ರಗಳೆಲ್ಲ ಹಗಲಿನವು. ನಾವು ವಿಚಾರಿಸಬೇಕಾದದ್ದು ರಾತ್ರಿಯ ವ್ಯವಸ್ಥೆಯನ್ನು.

ಕಳೆದ ವರ್ಷ ನಗರದ ಹೊರವಲಯದ ಒಂದು ಬೋರ್ಡಿಂಗ್ ನೋಡಲು ಹೋಗಿದ್ದೆ. ಅಂಗಳ ಚೊಕ್ಕಟವಾಗಿತ್ತು, ಮಾತೂ ನಯವಾಗಿತ್ತು. ರಾತ್ರಿ ಇಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದಾಗ, "ಒಂಬತ್ತಕ್ಕೆ ಬೀಗ ಹಾಕುತ್ತೇವೆ ಸಾರ್, ಕ್ಯಾಮೆರಾ ಇದೆ" ಎಂಬ ಉತ್ತರ ಬಂತು. ಕೋಣೆಯ ಬಾಗಿಲನ್ನು ಒಳಗಿನಿಂದ ಬಗ್ಗಿ ನೋಡಿದೆ. ಕೆಳಗಿನ ಒಂದು ಅಡಿಯಷ್ಟು ಬಣ್ಣ ಕಿತ್ತುಹೋಗಿ, ಮರದ ಮೇಲೆ ಉಗುರಿನ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು. ಕ್ಯಾಮೆರಾ ಅದನ್ನೆಲ್ಲ ನೋಡಿದ್ದೀತು, ಆದರೆ ಬಾಗಿಲು ತೆಗೆಯಲು ಅದಕ್ಕೆ ಕೈಯಿಲ್ಲವಲ್ಲ.

ಇದು ಕೇವಲ ನಾಯಿಯ ಬೇಸರದ ಮಾತಲ್ಲ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂತಹ ಆಳವಾದ ಎದೆಗೂಡಿನ ದೊಡ್ಡ ನಾಯಿಗಳಲ್ಲಿ ಕೆಲವೊಮ್ಮೆ ಹೊಟ್ಟೆ ಗಾಳಿ ತುಂಬಿ ಉಬ್ಬಿ, ಜಠರವೇ ತಿರುಚಿಕೊಳ್ಳುತ್ತದೆ. ನಾಯಿ ವಾಂತಿಗೆ ಒದ್ದಾಡುತ್ತದೆ, ಆದರೆ ಏನೂ ಹೊರಬರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಅದು ಬದುಕುವುದು ಕಷ್ಟ. ನಡುರಾತ್ರಿಯಲ್ಲಿ ಹೀಗಾದರೆ ನೋಡುವವರು ಯಾರು, ಯಾವ ವೈದ್ಯರ ಬಳಿಗೆ, ಯಾವ ವಾಹನದಲ್ಲಿ ಒಯ್ಯುತ್ತಾರೆ ಎಂಬ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬರಬೇಕು. ಹಬ್ಬದ ದಿನಗಳಲ್ಲಂತೂ ಪಟಾಕಿ ಸದ್ದಿಗೆ ಬೆದರಿದ ನಾಯಿ ಕಂಡ ಸಂದಿಯಲ್ಲಿ ನುಗ್ಗಿ ಓಡುತ್ತದೆ. ಆದ್ದರಿಂದ ಒಂದು ಗೇಟು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ಏರ್ಪಾಡು ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಲಸಿಕೆಯ ಪುಸ್ತಕ ಕೇಳುವ ಬೋರ್ಡಿಂಗಿನ ಬಗ್ಗೆ ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ಲಕ್ಷಣ, ಏಕೆಂದರೆ ನಿಮ್ಮನ್ನು ಕೇಳದವರು ಪಕ್ಕದ ಗೂಡಿನ ನಾಯಿಯ ಯಜಮಾನರನ್ನೂ ಕೇಳಿರುವುದಿಲ್ಲ. ರೇಬೀಸ್, ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳ ಲಸಿಕೆಗಳ ಜೊತೆಗೆ, ನಾಯಿಗಳು ಒಟ್ಟಿಗಿರುವಲ್ಲಿ ಬೇಗ ಹರಡುವ ಕೆನಲ್ ಕಾಫ್ ಎಂಬ ಕೆಮ್ಮಿನ ಲಸಿಕೆಯೂ ಆಗಿರಲಿ. ಹೊರಡುವ ಹಿಂದಿನ ದಿನ ಹಾಕಿಸಿದರೆ ಪ್ರಯೋಜನವಿಲ್ಲ, ಎರಡು ವಾರಗಳಾದರೂ ಮುಂಚೆ ಆಗಬೇಕು.

ಮನೆಯಲ್ಲಿ ಮೊಸರನ್ನ ತಿನ್ನುವ ನಾಯಿಗೆ ಅಲ್ಲಿ ದಿಢೀರನೆ ಒಣ ಆಹಾರ ಕೊಟ್ಟರೆ ಭೇದಿ ಶುರುವಾಗಬಹುದು. ತಿನ್ನುವುದನ್ನೇ ಕಟ್ಟಿಕೊಡಿ, ಇಲ್ಲವೇ ಅಲ್ಲಿ ಮಾಡಿಹಾಕುತ್ತಾರೆಯೇ ಎಂದು ಮಾತಾಡಿಕೊಳ್ಳಿ. ಜೊತೆಗೆ ಒಗೆಯದ ಹಳೆಯ ಹೊದಿಕೆಯೊಂದನ್ನು ಕಳುಹಿಸಿ. ಮನೆಯ ವಾಸನೆ ಅದರಲ್ಲಿ ಉಳಿದಿರುತ್ತದೆ. ಊರಿಗೆ ಹೋಗುವ ಮುಂಚೆ, ನೀವು ಇಲ್ಲಿಯೇ ಇರುವಾಗ, ಒಂದು ರಾತ್ರಿ ಬಿಟ್ಟು ನೋಡುವುದು ಒಳ್ಳೆಯದು. ಬೆಳಿಗ್ಗೆ ಹೋದಾಗ ರಾತ್ರಿ ಎಷ್ಟು ಹೊತ್ತಿಗೆ ಮಲಗಿತು, ನೀರು ಕುಡಿಯಿತೇ ಎಂದು ವಿಚಾರಿಸಿ. ಎಲ್ಲದಕ್ಕೂ "ಆರಾಮಾಗಿತ್ತು" ಎಂಬ ಒಂದೇ ಉತ್ತರ ಬಂದರೆ, ಅದನ್ನು ಯಾರೂ ನೋಡಿಕೊಂಡಿಲ್ಲವೆಂದೇ ತಿಳಿಯಬೇಕಾಗುತ್ತದೆ.

ಮರಳಿ ಕರೆತಂದ ದಿನ ಕಿವಿಯ ಮಡಿಕೆ, ಬೆರಳುಗಳ ಸಂದು, ಬಾಲದ ಬುಡವನ್ನು ಬೆರಳಾಡಿಸಿ ಉಣ್ಣೆಗಳಿಗಾಗಿ ಹುಡುಕಿ. ಮುಂದಿನ ಎರಡು ವಾರಗಳಲ್ಲಿ ಒಣಕೆಮ್ಮು ಕಂಡರೆ, ಅಥವಾ ಜ್ವರ ಬಂದು ಅನ್ನ ಬಿಟ್ಟರೆ, ಬೋರ್ಡಿಂಗಿನಲ್ಲಿ ಬಿಟ್ಟಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ. ನಮಸ್ಕಾರ.