ಮರಳಿ ಬಂದವರು ಹೊಸಬರು

ಕೇಳುಗ ಬಂಧುಗಳಿಗೆ ನಮಸ್ಕಾರ.

ಮೈಸೂರು, ಮಂಡ್ಯ ಸೀಮೆಯ ಎಷ್ಟೋ ಮನೆಗಳಿಂದ ಒಬ್ಬರು ಫಾದರ್, ಒಬ್ಬರು ಸಿಸ್ಟರ್, ಇಲ್ಲವೇ ಸಂಸಾರ ಸಮೇತ ಒಬ್ಬ ಪಾಸ್ಟರ್ ಹೊರದೇಶಕ್ಕೆ ಸೇವೆಗೆ ಹೋಗಿದ್ದಾರೆ. ಕೀನ್ಯಾ, ಉಗಾಂಡ, ಕಾಂಗೋ, ಪಪುವಾ ನ್ಯೂಗಿನಿ, ಹೀಗೆ. ಹತ್ತು ವರ್ಷ, ಇಪ್ಪತ್ತು ವರ್ಷ ಅಲ್ಲೇ ಇದ್ದುಬಿಡುತ್ತಾರೆ. ಹೊರಡುವಾಗ ನಾವು ಭಾಷೆ ಕಲಿಸುತ್ತೇವೆ, ಲಸಿಕೆ ಹಾಕಿಸುತ್ತೇವೆ, ಹಾರ ಹಾಕಿ ಬೀಳ್ಕೊಡುತ್ತೇವೆ. ವಾಪಸ್ ಬರುವಾಗ ವಿಮಾನ ನಿಲ್ದಾಣಕ್ಕೆ ಒಂದು ಕಾರು ಕಳಿಸುತ್ತೇವೆ. ಅಷ್ಟೆ. ಅವರ ಊರಿಗೆ ಅವರು ಬರುತ್ತಿದ್ದಾರೆ, ಅದಕ್ಕೇನು ತಯಾರಿ ಅಂತ.

ಈ ಯೋಚನೆಯೇ ಸರಿಯಿಲ್ಲ. ಈ ಹೊತ್ತು ನಾನು ನಿಮ್ಮ ಮುಂದಿಡುವುದು ಒಂದೇ ಮಾತು: ಮರಳಿ ಬಂದವರು ಹೊಸಬರು. ಆಫ್ರಿಕಾದಿಂದ ಮೊದಲ ಸಲ ನಮ್ಮೂರಿಗೆ ಬಂದ ಅತಿಥಿಗೆ ಏನೇನು ತೋರಿಸಿ ಹೇಳಿಕೊಡುತ್ತೀರೋ, ನಿಮ್ಮ ಮನೆಯ ಸಿಸ್ಟರಿಗೂ ಅಷ್ಟನ್ನೂ ತೋರಿಸಿ ಹೇಳಿಕೊಡಿ. ಅತಿಥಿಗೆ ಗೊತ್ತಾಗದಿದ್ದರೆ ನಾವು ತಾಳಿಕೊಳ್ಳುತ್ತೇವೆ. ನಮ್ಮವರಿಗೆ ಗೊತ್ತಾಗದಿದ್ದರೆ ‘ಇಷ್ಟೂ ಗೊತ್ತಿಲ್ವಾ ಅಕ್ಕಾ’ ಅಂದುಬಿಡುತ್ತೇವೆ. ಆ ಒಂದು ಮಾತಿಗೆ ಅವರು ಬಾಯಿ ಮುಚ್ಚಿದರೆ ಆಮೇಲೆ ತೆರೆಸುವುದು ಕಷ್ಟ.

ಇದನ್ನು ವಿದ್ವಾಂಸರೂ ಗುರುತಿಸಿದ್ದಾರೆ. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಹಿಗ್ಗಿ, ಆಮೇಲೆ ಕುಸಿದು, ನಿಧಾನವಾಗಿ ಸರಿಹೋಗುತ್ತದೆ ಎಂದು 1955ರಲ್ಲಿ ನಾರ್ವೆಯ ಲಿಸ್ಗಾರ್ಡ್ ಬರೆದರು. 1963ರಲ್ಲಿ ಅಮೆರಿಕದ ಗಲ್ಲಹಾರ್ನ್ ದಂಪತಿ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: ತಾಯ್ನಾಡಿಗೆ ಮರಳಿದ ಮೇಲೆ ಅದೇ ಕುಸಿತ ಇನ್ನೊಂದು ಸಲ ಬರುತ್ತದೆ. ಮೊದಲನೆಯದಕ್ಕೆ ಎಲ್ಲರೂ ಸಜ್ಜಾಗಿರುತ್ತಾರೆ. ಎರಡನೆಯದಕ್ಕೆ ಯಾರೂ ಇಲ್ಲ. ಅದಕ್ಕೇ ಎರಡನೆಯದು ಹೆಚ್ಚು ನೋಯಿಸುವುದು.

ಇದು ಸರಿಯಾಗಿ ತಿಳಿಯಬೇಕಾದರೆ ನಮ್ಮ ಸೀಮೆಯವರೇ ಅನ್ನಬಹುದಾದ ಒಬ್ಬರನ್ನು ನೋಡಬೇಕು. ಶ್ರೀರಂಗಪಟ್ಟಣದ ಗಂಜಾಂ ಕಡೆ ಹೋದವರಿಗೆ ಅಬ್ಬೆ ದುಬಾಯ್ ಎಂಬ ಕ್ರೈಸ್ತ ಗುರುಗಳ ಹೆಸರು ಗೊತ್ತು. ಫ್ರಾನ್ಸಿನ ದಕ್ಷಿಣದವರು. 1792ರಲ್ಲಿ ಗುರುದೀಕ್ಷೆ ಆಯಿತು, ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿನವರಂತೆ ಬಟ್ಟೆ ಉಟ್ಟರು, ಇಲ್ಲಿನ ಊಟ ಉಂಡರು, ಯುರೋಪಿನವರ ಸಹವಾಸವನ್ನು ಬೇಕೆಂದೇ ದೂರವಿಟ್ಟರು. ಜನ ಅವರನ್ನು ‘ದೊಡ್ಡ ಸ್ವಾಮಿಯೋರು’ ಅಂತ ಕರೆದರು. ಸಿಡುಬಿನ ದಾಕು, ಅಂದರೆ ಲಸಿಕೆ, ಆಗತಾನೆ ಬಂದಿದ್ದ ಕಾಲ. ಹೆದರಿ ಓಡುತ್ತಿದ್ದ ಜನರಿಗೆ ಧೈರ್ಯ ಹೇಳಿ ದಾಕು ಹಾಕಿಸಿದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ನೆಲೆ ಇಲ್ಲದವರಿಗೆ ಬೇಸಾಯದ ಬದುಕು ಕಟ್ಟಿಕೊಟ್ಟರು. ಹೀಗೆ ಮೂವತ್ತು ವರ್ಷ ಕಳೆದು, 1823ರ ಜನವರಿಯಲ್ಲಿ ಹಡಗು ಹತ್ತಿದರು. ಆಗ ಅವರಿಗೆ ಅರವತ್ತರ ಹತ್ತಿರ.

ಈಗ ಅವರು ಇಳಿದ ಫ್ರಾನ್ಸ್ ಯಾವುದು, ಸ್ವಲ್ಪ ಯೋಚಿಸಿ. ಹೊರಟಾಗ ಹದಿನಾರನೆಯ ಲೂಯಿ ದೊರೆ ಇನ್ನೂ ಬದುಕಿದ್ದ. 1793ರಲ್ಲಿ ಅವನ ತಲೆ ಕಡಿದರು. ಗಣರಾಜ್ಯ ಬಂತು, ಹೋಯಿತು. ನೆಪೋಲಿಯನ್ ಎದ್ದ, ಯುರೋಪನ್ನೆಲ್ಲ ತುಳಿದ, ಬಿದ್ದ, ಸತ್ತೂ ಹೋಗಿದ್ದ. ಮತ್ತೆ ದೊರೆಯ ವಂಶವೇ ಪಟ್ಟಕ್ಕೆ ಬಂದಿತ್ತು. ನಾಣ್ಯ ಬದಲಾಗಿತ್ತು: ಇವರಿಗೆ ಗೊತ್ತಿದ್ದ ಲೀವ್ರ್ ಹೋಗಿ ಫ್ರಾಂಕ್ ಬಂದಿತ್ತು. ಅಳತೆ ಬದಲಾಗಿತ್ತು: ಮೀಟರು, ಕಿಲೋಗ್ರಾಮು ಇವೆಲ್ಲ ಇವರು ಇಲ್ಲಿದ್ದಾಗ ಅಲ್ಲಿ ಹುಟ್ಟಿದವು. ಪಂಚಾಂಗವನ್ನೇ ಬದಲಿಸಿ, ಹನ್ನೆರಡು ವರ್ಷ ನಡೆಸಿ, ಮತ್ತೆ ಹಳೆಯದಕ್ಕೆ ಬಂದಿದ್ದರು. ಇವರಿಗೆ ದೀಕ್ಷೆ ಕೊಟ್ಟ ವಿವಿಯೆ ಧರ್ಮಪ್ರಾಂತ್ಯವನ್ನು ಸಹ ನಡುವೆ ರದ್ದು ಮಾಡಿ, ಇವರು ಮರಳುವ ಹಿಂದಿನ ವರ್ಷವಷ್ಟೇ ಮತ್ತೆ ಸ್ಥಾಪಿಸಿದ್ದರು. ಹಾಗಿರುವಾಗ ಅವರು ಮರಳಿದ್ದು ಯಾವ ಮನೆಗೆ?

ಆದರೆ ಅವರ ಸಂಸ್ಥೆ ಒಂದು ಕೆಲಸ ಸರಿಯಾಗಿ ಮಾಡಿತು. ಅವರನ್ನು ಯಾವುದೋ ಹಳ್ಳಿಯ ಧರ್ಮಕೇಂದ್ರಕ್ಕೆ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಪ್ಯಾರಿಸಿನ ರ‍್ಯು ದ್ಯು ಬಾಕ್ ಬೀದಿಯ ಗುರುಮಠದಲ್ಲಿ, ಏಷ್ಯಾಕ್ಕೆ ಹೊರಡುವ ಹುಡುಗರು ತಯಾರಾಗುವ ಮನೆಯಲ್ಲೇ ಇಟ್ಟುಕೊಂಡಿತು. ಅಲ್ಲಿ ನಿರ್ದೇಶಕರಲ್ಲಿ ಒಬ್ಬರಾದರು, 1836ರಿಂದ 1839ರವರೆಗೆ ಮುಖ್ಯಸ್ಥರಾದರು. ಮೈಸೂರಿನ ವಿಷಯ ಎತ್ತಿದರೆ ಆಕಳಿಸದೆ ಕೇಳುವ ಜನ ಆ ಮನೆಯಲ್ಲಿದ್ದರು, ಏಕೆಂದರೆ ಅವರೇ ನಾಳೆ ಹೊರಡುವವರು. ಇಲ್ಲಿಂದ ಒಯ್ದ ಕಥೆಗಳನ್ನು ಅನುವಾದ ಮಾಡಿ ಅಚ್ಚು ಹಾಕಿಸಿದರು. 1848ರವರೆಗೆ, ಅಂದರೆ ಮರಳಿದ ಮೇಲೂ ಇಪ್ಪತ್ತೈದು ವರ್ಷ ಬಾಳಿದರು.

ಅವರ ಬದುಕಿನ ಇನ್ನೊಂದು ಸಂಗತಿಯನ್ನು ಧಾರ್ಮಿಕ ಸಭೆಗಳ ಮುಖ್ಯಸ್ಥರು ಗಮನಿಸಬೇಕು. ಭಾರತದಲ್ಲಿ ಮತಪ್ರಚಾರ ಫಲ ಕೊಡುವುದಿಲ್ಲ ಎಂದು ದುಬಾಯ್ ಇಲ್ಲಿದ್ದಾಗಲೇ ಬೇಸರದಿಂದ ಕೆಲವು ಪತ್ರ ಬರೆದಿದ್ದರು. ಮರಳಿದ ವರ್ಷವೇ ಅವು ಲಂಡನ್ನಿನಲ್ಲಿ ಅಚ್ಚಾದವು. ಇಂಗ್ಲಿಷ್ ಮಿಷನರಿಗಳು ಸಿಟ್ಟಾಗಿ ಮರುವರ್ಷವೇ ಪುಸ್ತಕ ಬರೆದು ಖಂಡಿಸಿದರು. ಮರಳಿದವರ ಒಳಗೆ ಇಂಥ ಕಹಿ ಇದ್ದೇ ಇರುತ್ತದೆ. ಅದು ಮೊದಲು ಮುಚ್ಚಿದ ಕೋಣೆಯಲ್ಲಿ, ನಂಬಿಕೆಯವರ ಮುಂದೆ ಹೊರಬರಬೇಕು. ಬಂದ ಮೊದಲ ಭಾನುವಾರವೇ ಅವರನ್ನು ಬಲಿಪೂಜೆಯಲ್ಲಿ ಪ್ರಬೋಧನೆಗೆ ನಿಲ್ಲಿಸಬೇಡಿ. ಅಕ್ಟೋಬರಿನಲ್ಲಿ ವಿಶ್ವ ಮಿಷನ್ ಭಾನುವಾರ ಬಂತು, ಇವರೇ ಸಿಕ್ಕಿದರು ಅಂತ ಹತ್ತು ಚರ್ಚು ಸುತ್ತಿಸಲೂ ಬೇಡಿ. ಮೊದಲ ಮೂರು ತಿಂಗಳು ಯಾವ ಹೊಣೆಯೂ ಬೇಡ.

ಆ ಮೂರು ತಿಂಗಳಲ್ಲಿ ಆಗಬೇಕಾದ ಕೆಲಸ ಬೇರೆಯೇ ಇದೆ. ಅದಕ್ಕೂ ಮೊದಲು, ಅಲ್ಲಿಂದ ಹೊರಡುವ ಮುಂಚೆಯೇ ಆಗಬೇಕಾದದ್ದು ಒಂದಿದೆ. ಕೀನ್ಯಾ, ಉಗಾಂಡ, ಕಾಂಗೋ ಕಡೆಯಿಂದ ಬರುವವರ ಕೈಯಲ್ಲಿ ಹಳದಿ ಜ್ವರದ ಲಸಿಕೆಯ ಕಾರ್ಡು ಇರಲೇಬೇಕು. ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಅದು ಊರ್ಜಿತ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು, ಈ ನಿಯಮ 2016ರಿಂದ ಇದೆ. ಕಾರ್ಡು ಸೂಟ್‌ಕೇಸಿನಲ್ಲಿ ಅಲ್ಲ, ಪಾಸ್‌ಪೋರ್ಟಿನ ಜೊತೆ ಇರಲಿ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇತ್ತ ಮನೆಯವರು ಹೋಳಿಗೆ ಮಾಡಿಕೊಂಡು ಕಾಯುತ್ತಿರುತ್ತಾರೆ.

ಬಂದ ಮೇಲೆ ಕಾಗದಪತ್ರ. ಇದರ ಸರದಿ ತಪ್ಪಿದರೆ ಎಲ್ಲವೂ ನಿಲ್ಲುತ್ತದೆ. ಮೊದಲು ಸಿಮ್ ಕಾರ್ಡು. ಹಳೆಯ ನಂಬರನ್ನು ಬಳಸದೆ ಬಿಟ್ಟದ್ದಕ್ಕೆ ಕಂಪನಿ ಅದನ್ನು ಬೇರೆಯವರಿಗೆ ಕೊಟ್ಟಿರುತ್ತದೆ. ಆಧಾರ್, ಬ್ಯಾಂಕ್ ಎರಡಕ್ಕೂ ಅದೇ ಹಳೆಯ ನಂಬರು ಜೋಡಿಸಿದ್ದರೆ ಓಟಿಪಿ ಯಾರದೋ ಫೋನಿಗೆ ಹೋಗುತ್ತದೆ. ಹೊಸ ನಂಬರು ಕೈಗೆ ಬಂದ ಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ ನಂಬರು, ವಿಳಾಸ ಎರಡನ್ನೂ ತಿದ್ದಿಸಿ. ಆಮೇಲೆ ಬ್ಯಾಂಕು. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ಸ್ಥಗಿತವಾಗಿರುತ್ತದೆ, ಕೆವೈಸಿ ಕೊಟ್ಟು ಮತ್ತೆ ಚಾಲೂ ಮಾಡಿಸಬೇಕು. ಎನ್‌ಆರ್‌ಐ ಖಾತೆ ಇದ್ದರೆ, ಊರಿಗೆ ಮರಳಿದ್ದೇನೆ ಎಂದು ತಿಳಿಸಿ ಸಾಮಾನ್ಯ ಖಾತೆಗೆ ಬದಲಿಸಿಕೊಳ್ಳುವುದು ಕಡ್ಡಾಯ. ಯುಪಿಐ ಕೊನೆಗೆ. ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆಗೆ ಕೂರಬೇಕು. ಸಿಸ್ಟರುಗಳಿಗೆ ಇನ್ನೊಂದು ವಿಷಯ: 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು.

ಇದೆಲ್ಲ ಸಣ್ಣದು ಅನ್ನಿಸಬಹುದು. ಸಣ್ಣದಲ್ಲ. ದೇವರಾಜ ಮಾರುಕಟ್ಟೆಯ ಹತ್ತಿರ ಎಳನೀರಿನವನ ಮುಂದೆ ಒಬ್ಬ ಸಿಸ್ಟರ್ ನಿಂತಿದ್ದಾರೆ ಅಂದುಕೊಳ್ಳಿ. ಪರ್ಸಿನಿಂದ ಜೋಪಾನವಾಗಿ ಐನೂರರ ಹಳೆಯ ನೋಟು ತೆಗೆಯುತ್ತಾರೆ. ಅದು 2016ರ ನವೆಂಬರಿನಲ್ಲೇ ರದ್ದಾದದ್ದು. ಅವನು ತಲೆ ಅಲ್ಲಾಡಿಸಿ ಗಾಡಿಗೆ ಅಂಟಿಸಿದ ಚೌಕದ ಕಡೆ ಬೆರಳು ತೋರಿಸುತ್ತಾನೆ. ಹಿಂದೆ ನಿಂತ ಹುಡುಗ ಬೇಗ ಬೇಗ ಅನ್ನುತ್ತಾನೆ. ಅಲ್ಲಿ ಒಂದು ಆಸ್ಪತ್ರೆಯ ಲೆಕ್ಕವನ್ನೇ ನೋಡಿಕೊಂಡಿದ್ದ ಹೆಂಗಸು ಇಲ್ಲಿ ಒಂದು ಎಳನೀರಿಗೆ ದುಡ್ಡು ಕೊಡಲಾರದೆ ನಿಲ್ಲುತ್ತಾರೆ. ಮರಳಿ ಬಂದವರು ಹೊಸಬರು ಎಂದು ಮನೆಯವರು ಮೊದಲೇ ತಿಳಿದಿದ್ದರೆ, ಮೊದಲ ವಾರ ಯಾರಾದರೂ ಒಬ್ಬರು ಜೊತೆಗಿರುತ್ತಿದ್ದರು. ಕಾಂಗೋದಂಥ ದೇಶಗಳಲ್ಲಿ ವಾಹನ ರಸ್ತೆಯ ಬಲಗಡೆ ಓಡುತ್ತದೆ. ಅಲ್ಲಿದ್ದವರು ರಸ್ತೆಗೆ ಕಾಲಿಡುವಾಗ ಅಭ್ಯಾಸದಿಂದ ಮೊದಲು ಎಡಕ್ಕೆ ನೋಡುತ್ತಾರೆ. ನಮ್ಮಲ್ಲಿ ಬಸ್ಸು ಬರುವುದು ಬಲದಿಂದ. ಸಯ್ಯಾಜಿರಾವ್ ರಸ್ತೆಯಲ್ಲಿ ಇದು ಜೀವದ ಪ್ರಶ್ನೆ.

ಇನ್ನು ಆರೋಗ್ಯ. ಆಫ್ರಿಕಾದಿಂದ ಬಂದವರಿಗೆ ಜ್ವರ ಬಂದರೆ ಅದೇ ದಿನ ಮಲೇರಿಯಾ ಪರೀಕ್ಷೆ ಆಗಬೇಕು, ನಾಳೆ ನೋಡೋಣ ಅನ್ನುವಂತಿಲ್ಲ. ಫಾಲ್ಸಿಪಾರಂ ಎಂಬ ಅಪಾಯದ ಬಗೆಯ ಮಲೇರಿಯಾ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ, ಒಂದೆರಡು ದಿನದಲ್ಲಿ ಮಿದುಳಿಗೇ ಏರಬಹುದು. ನಮ್ಮ ಡಾಕ್ಟರು ಜ್ವರ ಎಂದರೆ ಡೆಂಗಿಯನ್ನೇ ಮೊದಲು ಯೋಚಿಸುತ್ತಾರೆ, ಅದು ಸಹಜ. ಆದ್ದರಿಂದ ಒಳಗೆ ಹೋದವರು ಹೇಳಬೇಕಾದ ಮೊದಲ ವಾಕ್ಯ: ‘ಇಂಥ ದೇಶದಿಂದ ಬಂದು ಇಷ್ಟು ದಿನವಾಯಿತು.’ ಒಂದು ಸಲ ರಕ್ತದಲ್ಲಿ ಕಾಣದಿದ್ದರೆ ಸುಮ್ಮನಾಗಬೇಡಿ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿಸಿ, ಒಟ್ಟು ಮೂರು ಸಲ.

ವಿಕ್ಟೋರಿಯಾ ಸರೋವರ, ಮಲಾವಿ ಸರೋವರದ ನೀರಿಗೆ ಇಳಿದವರಿಗೆ ಬಿಲ್ಹಾರ್ಜಿಯ ಎಂಬ ರೋಗದ ಹುಳು ಚರ್ಮದ ಮೂಲಕವೇ ಒಳಗೆ ಹೋಗಿರಬಹುದು. ಮೂತ್ರದಲ್ಲಿ ರಕ್ತ ಕಂಡರೆ ಕಲ್ಲು ಎಂದುಕೊಂಡು ಬಾಳೆದಿಂಡಿನ ರಸ ಕುಡಿಯುತ್ತಾ ಕೂರಬೇಡಿ. ಕೊನೆಯ ಸಲ ಆ ನೀರಿಗೆ ಇಳಿದು ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ನಿಖರವಾಗಿ ತಿಳಿಯುತ್ತದೆ. ಔಷಧಿ ಇದೆ, ಗುಣವಾಗುತ್ತದೆ. ಸ್ಟ್ರಾಂಗಿಲಾಯ್ಡಿಸ್ ಎಂಬ ಇನ್ನೊಂದು ಹುಳು ಹತ್ತಾರು ವರ್ಷ ಸದ್ದಿಲ್ಲದೆ ಕರುಳಿನಲ್ಲಿ ಇರುತ್ತದೆ. ಉಬ್ಬಸಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ಕೊಟ್ಟ ಕೂಡಲೇ ಮೈಯೆಲ್ಲ ಹರಡಿ ಪ್ರಾಣಕ್ಕೆ ಬರಬಹುದು. ಸ್ಟೀರಾಯ್ಡ್ ಬರೆಯುವ ಮುಂಚೆ ಡಾಕ್ಟರಿಗೆ ನೆನಪಿಸಿ.

ಊಟದ ವಿಷಯ ಅಷ್ಟು ಕಷ್ಟವಲ್ಲ. ಪೂರ್ವ ಆಫ್ರಿಕಾದಲ್ಲಿ ಉಗಾಲಿ ಎಂಬ ಹಿಟ್ಟಿನ ಮುದ್ದೆ ಉಂಡವರಿಗೆ ಮಂಡ್ಯದ ಮುದ್ದೆ ಹೊಸದೇನಲ್ಲ. ರಾಗಿಯ ತವರೇ ಆ ಕಡೆಯ ಎತ್ತರದ ಸೀಮೆ.

ಹೊತ್ತು ಕಡಿಮೆ ಉಳಿದಿದೆ, ಮುಖ್ಯವಾದದ್ದು ಹೇಳಿಬಿಡುತ್ತೇನೆ. ಅವರ ಮಾತನ್ನು ಕೂತು ಕೇಳಬೇಕು. ಬಂದ ಎರಡು ಮೂರು ವಾರದೊಳಗೆ, ಅವರ ಮಠದ ಮುಖ್ಯಸ್ಥರಾದ ಸುಪೀರಿಯರೂ ಅಲ್ಲದ, ಮನೆಯವರೂ ಅಲ್ಲದ ಒಬ್ಬರು ಅಥವಾ ಇಬ್ಬರು, ಒಂದು ಸಲಕ್ಕೆ ಮೂರು ಗಂಟೆ, ಫೋನು ಆಫ್ ಮಾಡಿ. ಒಂದು ಹಾಳೆ ಕೊಡಿ. ಹೋದ ವರ್ಷದಿಂದ ಬಂದ ವರ್ಷದವರೆಗೆ ಒಂದು ಗೆರೆ ಎಳೆಯಲಿ. ಚೆನ್ನಾಗಿದ್ದ ಕಡೆ ಗೆರೆ ಮೇಲೇರಲಿ, ಕಷ್ಟದ ಕಡೆ ಇಳಿಯಲಿ. ಇಳಿದ ಕಡೆ ಬೆರಳಿಟ್ಟು, ಆಗ ಏನಾಯಿತು ಅಂತ ಕೇಳಿ. ಯಾರಿಗೆ ಹೇಳದೆ ಬಂದಿರಿ, ಯಾರ ಮೇಲೆ ಸಿಟ್ಟು ಉಳಿದಿದೆ, ಏನನ್ನು ಅರ್ಧಕ್ಕೆ ಬಿಟ್ಟಿರಿ, ಇವಿಷ್ಟು ಕೇಳಿ. ಉತ್ತರ ಬಂದಾಗ ‘ದೇವರ ಚಿತ್ತ’ ಅಂತ ಮಾತು ಮುಗಿಸಬೇಡಿ, ದಯವಿಟ್ಟು. ಹೇಳಿದ್ದು ಆ ಕೋಣೆಯಿಂದ ಆಚೆ ಹೋಗಬಾರದು.

ಮರಳಿದವರಿಗೂ ಒಂದು ಸಲಹೆ: ನಿಮ್ಮ ಕಥೆಯನ್ನು ಮೂರು ಅಳತೆಯಲ್ಲಿ ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ಒಂದು ನಿಮಿಷದ್ದು, ಊಟಕ್ಕೆ ಕರೆದವರಿಗೆ ಹತ್ತು ನಿಮಿಷದ್ದು, ನಿಜವಾಗಿ ಕೇಳುವ ಒಬ್ಬರಿಬ್ಬರಿಗೆ ಒಂದು ಗಂಟೆಯದು. ಬಸ್ ಸ್ಟ್ಯಾಂಡಿನವರಿಗೆ ಗಂಟೆಯ ಕಥೆ ಹೇಳಲು ಹೋಗಿ ಅವರು ವಾಚು ನೋಡಿದರೆ ನೋಯುವುದು ನಿಮಗೇ.

ನಿದ್ದೆ ಬಾರದಿರುವುದು, ನೋಡಿದ ಹಿಂಸೆ ಕಣ್ಣಮುಂದೆ ಮತ್ತೆ ಮತ್ತೆ ಬರುವುದು ಒಂದು ತಿಂಗಳು ದಾಟಿದರೆ ಪ್ರಾರ್ಥನೆಯ ಜೊತೆಗೆ ಮನೋವೈದ್ಯರೂ ಬೇಕು. ಸಾಯುವ ಮಾತು ಬಂದರೆ ತಿಂಗಳು ಕಾಯುವ ಹಾಗೇ ಇಲ್ಲ, ಆ ದಿನವೇ. ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಪಾಸ್ಟರ್ ಕುಟುಂಬಗಳ ಮಕ್ಕಳು. ದೊಡ್ಡವರಿಗೆ ಇದು ಮರಳುವುದು, ಮಕ್ಕಳಿಗೆ ಊರು ಬಿಟ್ಟು ಬರುವುದು. ಅವರು ಹುಟ್ಟಿ ಬೆಳೆದ ಊರು ನೈರೋಬಿ. ‘ಈಗ ನಮ್ಮೂರಿಗೆ ಬಂದೆಯಲ್ಲ ಪುಟ್ಟಾ’ ಅಂತ ಅಜ್ಜಿ ಅಂದರೆ ಮಗುವಿಗೆ ಅರ್ಥವಾಗುವುದಿಲ್ಲ. ಕನ್ನಡ ಓದಲು ಬರೆಯಲು ಆರು ತಿಂಗಳು ಪಾಠ ಹೇಳಿಸಿ, ತರಗತಿಯಲ್ಲಿ ಹಿಂದೆ ಬಿದ್ದರೆ ಗದರಬೇಡಿ. ಅಲ್ಲಿನ ಗೆಳೆಯರ ಜೊತೆ ವಾರಕ್ಕೊಮ್ಮೆ ಮಾತಾಡಲು ಬಿಡಿ. ನೈರೋಬಿ ನಮಗಿಂತ ಎರಡೂವರೆ ಗಂಟೆ ಹಿಂದೆ: ನಮ್ಮ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಸಂಜೆ ಆರು, ಮಕ್ಕಳು ಶಾಲೆ ಮುಗಿಸಿ ಮನೆಯಲ್ಲಿರುವ ಹೊತ್ತು.

ನಮಸ್ಕಾರ.