ಫೋಟೊ ತಿದ್ದುವ ಮುಂಚೆ ಫೈಲ್ ಯಾವುದು ಅಂತ ನೋಡಿ

ಕೇಳುಗರೇ, ನಮಸ್ಕಾರ. ಇವತ್ತಿನ ಮಾತು ಫೋಟೊ ಎಡಿಟ್ ಮಾಡುವವರಿಗಾಗಿ. ಯಾವ ಸಾಫ್ಟ್‌ವೇರ್ ಒಳ್ಳೆಯದು, ಯಾವ ಫಿಲ್ಟರ್ ಚೆನ್ನಾಗಿದೆ ಅಂತ ಎಲ್ಲರೂ ಕೇಳುತ್ತಾರೆ. ಆ ಫೋಟೊ ಯಾವ ಬಗೆಯ ಫೈಲಿನಲ್ಲಿದೆ ಅಂತ ಕೇಳುವವರು ಕಡಿಮೆ. ಎಡಿಟ್ ಎಷ್ಟು ಚೆನ್ನಾಗಿ ಬರುತ್ತದೆ ಎನ್ನುವುದು ಅರ್ಧ ಅಲ್ಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ನಮಗೆಲ್ಲ ಗೊತ್ತಿರುವುದು ಜೇಪೆಗ್. 1992ರಿಂದ ಇದೆ, ಎಲ್ಲ ಕಡೆ ತೆರೆಯುತ್ತದೆ, ಜಾಗ ಕಡಿಮೆ ಸಾಕು. 24 ಮೆಗಾಪಿಕ್ಸೆಲ್ ಫೋಟೊ ಒಂದನ್ನು ಏನೂ ಕುಗ್ಗಿಸದೆ ಇಟ್ಟರೆ ಸುಮಾರು 72 ಎಂಬಿ ಬೇಕು, ಜೇಪೆಗ್‌ನಲ್ಲಿ ಅದು ಹತ್ತು ಎಂಬಿ ಆಸುಪಾಸಿಗೆ ಇಳಿಯುತ್ತದೆ. ಹೇಗೆ? ಚಿತ್ರವನ್ನು ಅಡ್ಡ 8, ಉದ್ದ 8 ಪಿಕ್ಸೆಲ್ಲಿನ ಪುಟ್ಟ ಚೌಕಗಳಾಗಿ ಒಡೆದುಕೊಂಡು, ಒಂದೊಂದು ಚೌಕದಲ್ಲೂ ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸಣ್ಣ ಸಣ್ಣ ವಿವರಗಳನ್ನು ತೆಗೆದು ಹಾಕುತ್ತದೆ. ಹಾಗೆ ತೆಗೆದದ್ದು ಮತ್ತೆ ಸಿಗುವುದಿಲ್ಲ.

ನೋಡುವುದಕ್ಕಷ್ಟೇ ಆದರೆ ಇದರಿಂದ ಏನೂ ತೊಂದರೆ ಇಲ್ಲ. ಜೇಪೆಗ್ ಫೈಲನ್ನು ಎಷ್ಟು ಸಲ ತೆರೆದರೂ, ಎಷ್ಟು ಕಾಪಿ ಮಾಡಿದರೂ ಅದು ಕೆಡುವುದಿಲ್ಲ, ಸುಮ್ನೆ ಹೆದರಬೇಡಿ. ಕೆಡುವುದು ಎಡಿಟ್ ಮಾಡಿ ಮತ್ತೆ ಜೇಪೆಗ್ ಆಗಿಯೇ ಸೇವ್ ಮಾಡಿದಾಗ. ಇವತ್ತು ಸ್ವಲ್ಪ ಬೆಳಕು ಹೆಚ್ಚಿಸಿ ಸೇವ್ ಮಾಡಿದಿರಿ, ನಾಳೆ ಬಣ್ಣ ಸರಿ ಮಾಡಿದಿರಿ, ನಾಡಿದ್ದು ಒಂದು ಮೂಲೆ ಕತ್ತರಿಸಿದಿರಿ ಅಂದುಕೊಳ್ಳಿ, ಪ್ರತಿ ಸಲವೂ ಆ ತೆಗೆದುಹಾಕುವ ಕೆಲಸ ಹೊಸದಾಗಿ ನಡೆಯುತ್ತದೆ. ತಿಳಿ ಆಕಾಶದ ಎದುರು ಎಲೆ ಉದುರಿದ ಮರದ ಕೊಂಬೆ ಇರುವ ಫೋಟೊ ಇದ್ದರೆ, 300 ಪರ್ಸೆಂಟ್ ಜೂಮ್ ಮಾಡಿ ನೋಡಿ. ಕೊಂಬೆಯ ಸುತ್ತ ಕೊಳಕು ಚುಕ್ಕೆಗಳು ಕಾಣುತ್ತವೆ. ಅವು ಕ್ಯಾಮೆರಾದ ತಪ್ಪಲ್ಲ, ಲೆನ್ಸಿನ ತಪ್ಪೂ ಅಲ್ಲ. ಜೇಪೆಗ್ ಬಿಟ್ಟುಹೋದ ಗುರುತು ಅದು. ಶಾರ್ಪ್ ಮಾಡಲು ಹೋದರೆ ಕೊಂಬೆಯ ಜೊತೆ ಆ ಚುಕ್ಕೆಗಳೂ ಶಾರ್ಪ್ ಆಗುತ್ತವೆ!

ಇನ್ನೊಂದು ಸಂಗತಿ ಇದೆ, ನನ್ನ ಪ್ರಕಾರ ಇದೇ ಹೆಚ್ಚು ಮುಖ್ಯ. ಜೇಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ ಕಪ್ಪಿನಿಂದ ಪೂರ್ತಿ ಬೆಳಕಿನವರೆಗೆ 256 ಮೆಟ್ಟಿಲು. ಕ್ಯಾಮೆರಾದ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟುಕೊಂಡ ಫೈಲಿನಲ್ಲಿ, ಸಾಮಾನ್ಯವಾಗಿ 12 ಅಥವಾ 14 ಬಿಟ್. 14 ಬಿಟ್ ಅಂದರೆ 16,384 ಮೆಟ್ಟಿಲು. ಸಂಜೆಯ ಆಕಾಶವನ್ನು ಸ್ವಲ್ಪ ಗಾಢ ಮಾಡೋಣ ಅಂತ ಜೇಪೆಗ್‌ನಲ್ಲಿ ಎಳೆದಾಡಿದರೆ, ನಯವಾಗಿ ಇಳಿಯಬೇಕಿದ್ದ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ನೆರಳಿನಲ್ಲಿರುವ ಮುಖವನ್ನು ಬೆಳಗಿಸಲು ಹೋದರೂ ಅಷ್ಟೇ, ಚರ್ಮದ ಬಣ್ಣ ತೇಪೆ ಹಾಕಿದ ಹಾಗಾಗುತ್ತದೆ. ರಾ ಫೈಲು ಇಂಥ ಎಳೆದಾಟವನ್ನು ತಡೆದುಕೊಳ್ಳುತ್ತದೆ. ವೈಟ್ ಬ್ಯಾಲೆನ್ಸನ್ನೂ, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಾಣಿಕೆಯನ್ನೂ, ಆಮೇಲೆ ಆರಾಮಾಗಿ ಬದಲಿಸಬಹುದು. ರಾ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಮೂಲ ಚಿತ್ರವನ್ನು ಮುಟ್ಟುವುದೇ ಇಲ್ಲ, ನೀವು ಮಾಡಿದ ಬದಲಾವಣೆಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತವೆ. ಆದರೆ ಪೂರ್ತಿ ಬೆಳ್ಳಗಾಗಿ ಹೋದ ಮೋಡವನ್ನು ರಾ ಕೂಡ ವಾಪಸ್ ತರಲಾರದು.

ಹಾಗಾದರೆ ರಾದಿಂದ ಹೊರಗೆ ತಂದು ಲೇಯರ್, ಅಂದರೆ ಒಂದರ ಮೇಲೊಂದು ಪದರ, ಹಾಕಿ ಕೆಲಸ ಮಾಡಬೇಕಾದಾಗ? ಆಗ ವಿವರ ಬಿಡದೆ ಇಡುವ ಟಿಫ್ ಫೈಲು, ಅದೂ 16 ಬಿಟ್‌ನದು, ಇಲ್ಲವೇ ಫೋಟೋಶಾಪ್ ಬಳಸುವವರಿಗೆ ಪಿಎಸ್‌ಡಿ, ಗಿಂಪ್ ಬಳಸುವವರಿಗೆ ಎಕ್ಸ್‌ಸಿಎಫ್. ಲೇಯರ್ ಉಳಿಯಬೇಕು, ಏನೂ ನಷ್ಟ ಆಗಬಾರದು, ಅಷ್ಟು ಸಾಕು. ಫೈಲು ದೊಡ್ಡದಾಗುತ್ತದೆ, ನಿಜ. ಅದೇ 24 ಮೆಗಾಪಿಕ್ಸೆಲ್ ಫೋಟೊ 16 ಬಿಟ್ ಆದರೆ 144 ಎಂಬಿ, ಲೇಯರ್ ಸೇರಿದರೆ ಇನ್ನೂ ಜಾಸ್ತಿ. ಆದರೂ ಎಡಿಟ್ ಮುಗಿಯುವ ತನಕ ಅದನ್ನು ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ಕೈಯಲ್ಲಿ ಇರುವುದೇ ಜೇಪೆಗ್ ಆಗಿದ್ದರೆ? ಮೊದಲು ಅದನ್ನೇ ಟಿಫ್ ಮಾಡಿಕೊಳ್ಳಿ. ಹೋದ ವಿವರ ಬರುವುದಿಲ್ಲ, ಮುಂದಕ್ಕೆ ಹೋಗುವುದು ನಿಲ್ಲುತ್ತದೆ. 2017ರಿಂದ ಐಫೋನ್‌ಗಳಲ್ಲಿ ಬಂದ ಎಚ್‌ಇಐಸಿ ಎನ್ನುವ ಫೋಟೊ ಫೈಲಿಗೂ ಇದೇ ಮಾತು, ಅದೂ ವಿವರ ಬಿಟ್ಟೇ ಕುಗ್ಗಿಸುತ್ತದೆ. ಪಿಎನ್‌ಜಿ ಏನನ್ನೂ ಬಿಡುವುದಿಲ್ಲ, ಆದರೆ ಅದು ಸ್ಕ್ರೀನ್‌ಶಾಟ್, ಅಕ್ಷರ, ಲೋಗೊಗಳಿಗೆ ಹೇಳಿ ಮಾಡಿಸಿದ್ದು. ಫೋಟೊ ಎಡಿಟ್‌ಗೆ ನಾನು ಟಿಫ್ ಅನ್ನೇ ಆರಿಸುತ್ತೇನೆ.

ಕೊನೆಗೆ ಯಾರಿಗಾದರೂ ಕಳಿಸಬೇಕು, ವೆಬ್‌ಗೆ ಹಾಕಬೇಕು ಅಲ್ವಾ? ಆಗ ಜೇಪೆಗ್ ಮಾಡಿ, ಪ್ರತಿ ಸಲವೂ ಆ ದೊಡ್ಡ ಫೈಲಿನಿಂದಲೇ ಹೊಸದಾಗಿ ಮಾಡಿ. ಬಣ್ಣಕ್ಕೆ ಎಸ್‌ಆರ್‌ಜಿಬಿ ಇರಲಿ, ಸ್ಕ್ರೀನ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣದ ಅಳತೆ ಅದು. ಕ್ವಾಲಿಟಿ 100 ಬೇಡ, 90ರ ಹತ್ತಿರ ಸಾಕು, ಕಣ್ಣಿಗೆ ವ್ಯತ್ಯಾಸ ಕಾಣುವುದು ಅಪರೂಪ, ಫೈಲು ಮಾತ್ರ ಎಷ್ಟೋ ಚಿಕ್ಕದಾಗುತ್ತದೆ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಅಂತ ಹಾಕಬೇಡಿ, ಅದು ಮತ್ತೆ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ನೀವು ಮಾಡಿದ್ದು ಹಾಗೇ ತಲುಪುತ್ತದೆ. ನಮಸ್ಕಾರ.